ಅರವತ್ತೊಂದು ಚೀಟಿಗಳು

ಪಟ್ಟಿಯ ಮೊದಲ ಹೆಸರು ಯಾರದ್ದೆಂದು ಹೊಳೆಯಲು ಅವಳಿಗೆ ಬಸ್ಸು ಎರಡು ನಿಲ್ದಾಣ ದಾಟುವಷ್ಟು ಹೊತ್ತು ಬೇಕಾಯಿತು. ಆ ಹೆಸರಿನಿಂದ ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ. ಆಸ್ಪತ್ರೆಯ ಹಾಸುಬಟ್ಟೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುವವಳಾದ್ದರಿಂದ ಇಡೀ ಒಗೆತದ ಕಾರ್ಖಾನೆಗೆ ಆಕೆ ಮಡಿಕೆಯಕ್ಕ. ಈಗ ಆ ಹೆಸರು ಫೋನಿನ ಬೆಳಕಿನಲ್ಲಿ ಇನಿಷಿಯಲ್ ಸಮೇತ, ಯಾರೋ ಪರವೂರಿನವಳ ಹಾಗೆ ನಿಂತಿತ್ತು. ಎದುರಿಗೆ ‘ಕೊರತೆಗಳು: 61’. ಕೆಳಗೆ ಇನ್ನೂ ಹದಿನೆಂಟು ಹೆಸರು. ಇಪ್ಪತ್ತೆಂಟು, ಇಪ್ಪತ್ತಾರು, ಹತ್ತೊಂಬತ್ತು ಎಂದು ಇಳಿಯುತ್ತ ಹೋಗುವ ಅಂಕಿಗಳು. ಪುಟದ ಬುಡದಲ್ಲೊಂದು ಹಸಿರು ಚೌಕ, ‘ಒಪ್ಪಿಗೆ’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಇಂದು ಸಂಜೆ ಐದರೊಳಗೆ’. ತರಬೇತಿ ವಿಭಾಗದ ಹಿರಿಯಳಾಗಿ ಅವಳು ಅದನ್ನು ಒತ್ತಿದರೆ ಹತ್ತೊಂಬತ್ತು ಜನ ತಿಂಗಳ ಕೊನೆಗೆ ಕೆಲಸದಿಂದ ಹೊರಗೆ. ಬೆರಳು ಆ ಚೌಕದ ಹತ್ತಿರ ಹೋಗದಂತೆ ಫೋನನ್ನು ಅಂಚಿನಲ್ಲಿ, ಬಿಸಿ ಲೋಟ ಹಿಡಿದ ಹಾಗೆ ಹಿಡಿದಿದ್ದಳು. ಪಕ್ಕದಲ್ಲಿ ಕೂತಿದ್ದ ಮುದುಕಿ ತೂಕಡಿಸುತ್ತ ಅವಳ ಭುಜಕ್ಕೆ ತಲೆ ಆನಿಸಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಯಾರಿಗಾದರೂ ತನ್ನಿಂದ ಇಷ್ಟಾದರೂ ಉಪಯೋಗವಾಗಲಿ ಎಂದುಕೊಂಡಳು. ಅಂದುಕೊಂಡ ಕೂಡಲೇ ಆ ಮಾತಿನ ಅಗ್ಗದ ಸಿಹಿ ನಾಲಿಗೆಗೆ ತಾಗಿ ಅಸಹ್ಯವಾಯಿತು.

ಬೆಳಿಗ್ಗೆ ತಿಂಡಿಯ ತಟ್ಟೆ ಮುಂದೆ ಗಂಡ, “ಒತ್ತಿಬಿಡು ಅತ್ಲಾಗೆ. ನೀನು ಒತ್ತಲಿಲ್ಲ ಅಂದ್ರೆ ಅದೇನು ನಿಂತುಹೋಗುತ್ತಾ? ಇನ್ನೊಬ್ರು ಒತ್ತುತಾರೆ,” ಎಂದಿದ್ದ. ಇಪ್ಪತ್ತೆರಡು ವರ್ಷ ಮನೆಮನೆ ತಿರುಗಿ ವಿದ್ಯುತ್ ಮೀಟರ್ ಓದಿದವನು. ಮೀಟರುಗಳು ತಾವೇ ತಮ್ಮನ್ನು ಓದಿಕೊಳ್ಳತೊಡಗಿದ ಮೇಲೆ ಮನೆಯಲ್ಲಿದ್ದಾನೆ. “ಪಟ್ಟಿ ಇನ್ನೊಬ್ರು ಮಾಡಿದ್ದಲ್ಲ ರೀ, ನಾನು ಮಾಡಿದ್ದು,” ಎಂದಳು. “ನೀನು ಮಾಡಿದ್ದು ಪಾಠ. ಪಟ್ಟಿ ಮಾಡಿದ್ದು ಯಂತ್ರ. ಎಲ್ಲಾ ನಿನ್ನ ತಲೆ ಮೇಲೆ ಹಾಕ್ಕೊಂಡು ಮೆರೀಬೇಡ.” ಮೆರೆಯುವುದು! ಅವಳಿಗೆ ಕೋಪ ಬಂತು, ಏಕೆಂದರೆ ಅವನು ಗೊತ್ತಿಲ್ಲದೆಯೇ ಮುಟ್ಟಬಾರದ ಕಡೆ ಬೆರಳಿಟ್ಟಿದ್ದ. ಮೆರೆದದ್ದು ನಿಜ. ಮೆರೆದದ್ದರಿಂದಲೇ ಇದೆಲ್ಲ ಆದದ್ದು. ಆದರೆ ಅದನ್ನು ಅವನಿಗೆ ಹೇಳಬೇಕಾದರೆ ಡಬ್ಬಿಯ ಕಥೆಯನ್ನೆಲ್ಲ ಹೇಳಬೇಕು. ಅವನು ಕೇಳಿ, ಹೌದಾ, ಎಂದು ನೀರು ಕುಡಿಯುತ್ತಾನೆ.

ಡಬ್ಬಿ ಬಿಸ್ಕತ್ತಿನದು, ಬಣ್ಣ ಹೋದದ್ದು. ಹದಿನೇಳು ವರ್ಷದ ಹಿಂದೆ ಅವಳೇ ಮುಚ್ಚಳಕ್ಕೆ ಸೀಳು ಮಾಡಿ ಮಡಿಕೆ ಮೇಜಿನ ಪಕ್ಕದ ಗೋಡೆಗೆ ತೂಗುಹಾಕಿದ್ದಳು. ಆಗ ಅವಳ ಕೋಣೆಯ ಬಾಗಿಲಲ್ಲಿ ‘ತರಬೇತಿ’ ಎಂದಷ್ಟೇ ಬರೆದಿತ್ತು. ಒಳಗೆ ಬೆಂಚುಗಳು, ಒಂದು ಕರಿಹಲಗೆ, ಹಳೆಯ ಇಸ್ತ್ರಿ ರೋಲರಿನ ಬಿಚ್ಚಿಟ್ಟ ಭಾಗಗಳು. ಹೊಸಬರು ಅದರ ಹಲ್ಲುಗಳನ್ನು ಮುಟ್ಟಿ ನೋಡಿ ಕೈ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ತಿಳಿಯುತ್ತಿದ್ದರು. ಮೊದಮೊದಲು ಪುಸ್ತಕದಲ್ಲಿದ್ದದ್ದನ್ನು ಹೇಳುತ್ತಿದ್ದಳು. ಜನ ತಲೆಯಾಡಿಸುತ್ತಿದ್ದರು. ‘ಗೊತ್ತಾಯ್ತಾ?’ ಎಂದರೆ ‘ಹೂಂ’. ಮೂರನೆಯ ತಿಂಗಳಲ್ಲಿ ಹೂಂ ಎಂದ ಹೆಂಗಸೊಬ್ಬಳು ಮೊಣಕೈವರೆಗೆ ಹಬೆಯಲ್ಲಿ ಸುಟ್ಟುಕೊಂಡಳು. ಆಗ ಅವಳಿಗೆ ತಿಳಿದದ್ದು, ಈ ಜನಕ್ಕೆ ಎಲ್ಲಕ್ಕಿಂತ ಕಷ್ಟದ ಕೆಲಸ ಗೊತ್ತಿಲ್ಲ ಎನ್ನುವುದು. ಗೊತ್ತಿಲ್ಲ ಎಂದವರನ್ನು ಮೇಲ್ವಿಚಾರಕ ಎಲ್ಲರೆದುರಿಗೆ ಆಡಿಕೊಳ್ಳುತ್ತಾನೆ, ಮರುದಿನ ಕಕ್ಕಸು ತೊಳೆಯಲು ಹಾಕುತ್ತಾನೆ. ಅದಕ್ಕೇ ಡಬ್ಬಿ. ನಿಮಗೇನು ಗೊತ್ತಿಲ್ಲವೋ ಬರೆದು ಹಾಕಿ, ಶನಿವಾರ ಅದೇ ಪಾಠ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಳು: ‘ಹೆಸರು ಬರೆಯಬೇಡಿ. ಯಾರೂ ಕೇಳುವುದಿಲ್ಲ.’ ಆರು ವಾರ ಡಬ್ಬಿ ಖಾಲಿ. ಏಳನೆಯ ವಾರ ಒಂದು ಚೀಟಿ: ರಕ್ತದ ಕಲೆಗೆ ಮೊದಲು ತಣ್ಣೀರು ಯಾಕೆ? ಅವಳು ಆ ಚೀಟಿಯನ್ನು ಮನೆಗೆ ಒಯ್ದು ಮತ್ತೆ ಮತ್ತೆ ಓದಿದ್ದಳು, ಪ್ರೇಮಪತ್ರದ ಹಾಗೆ. ಆಮೇಲೆ ಬಂದವು. ಹಳದಿ ದೀಪ ಹತ್ತಿದರೆ ನಿಲ್ಲಿಸಬೇಕೋ ಕಾಯಬೇಕೋ. ಸೋಂಕಿನ ಮೂಟೆ ಹರಿದಿದ್ದರೆ ಯಾರಿಗೆ ಹೇಳಬೇಕು. ಕೆಂಪು ಗುಂಡಿ ಒತ್ತಿದ್ದು ತಪ್ಪಾದರೆ ಕೆಲಸ ಹೋಗುತ್ತಾ. ಹದಿನೇಳು ವರ್ಷದಲ್ಲಿ ಆ ಕಾರ್ಖಾನೆಯಲ್ಲಿ ಯಾರ ಕೈಯೂ ಹೋಗಲಿಲ್ಲ. ಹೋಗದ ಕೈಗಳಿಗೆ ಲೆಕ್ಕದಲ್ಲಿ ಜಾಗವಿಲ್ಲ, ಅದು ಬೇರೆ ಮಾತು.

ಕಾರ್ಖಾನೆಯ ನಿಲ್ದಾಣ ಬಂದಾಗ ಮುದುಕಿಯ ತಲೆಯನ್ನು ಮೆಲ್ಲಗೆ ಕಿಟಕಿಗೆ ಒರಗಿಸಿ ಇಳಿದಳು. ಗೇಟಿನ ಹತ್ತಿರ ಹಬೆಯ ಬಿಳಿ, ಸೋಪಿನ ವಾಸನೆ, ಲಾರಿಯಿಂದ ಇಳಿಯುತ್ತಿದ್ದ ಹಸಿರು ಮೂಟೆಗಳು. ಎಲ್ಲ ಎಂದಿನಂತೆಯೇ ಇದ್ದದ್ದು ಅವಳಿಗೆ ಒಂದು ಬಗೆಯ ಬೈಗುಳದಂತೆ ಕಂಡಿತು. ಮಹಡಿಯಲ್ಲಿ ಅವಳ ಕೋಣೆಯ ಬಾಗಿಲಿಗೆ ಇದು ಮೂರನೆಯ ಫಲಕ. ‘ತರಬೇತಿ’ ಹೋಗಿ ‘ಕಲಿಕೆ ಮತ್ತು ಅಭಿವೃದ್ಧಿ’ ಬಂದಾಗ ಕರಿಹಲಗೆ ಹೋಯಿತು. ‘ಸಾಮರ್ಥ್ಯ ನಿರ್ವಹಣೆ’ ಬಂದಾಗ ಬೆಂಚುಗಳು ಹೋದವು, ರೋಲರಿನ ಹಲ್ಲುಗಳು ಗುಜರಿಗೆ ಹೋದವು, ಪಾಠಗಳು ಫೋನಿಗೆ ಹೋದವು. ಮೂರು ನಿಮಿಷದ ಪಾಠ, ಐದು ಪ್ರಶ್ನೆ, ಕೊನೆಗೆ ಚಪ್ಪಾಳೆ ತಟ್ಟುವ ಒಂದು ಬೊಂಬೆ. ಅವಳಿಗೆ ಉಳಿದದ್ದು ಡಬ್ಬಿಯ ಚೀಟಿಗಳು. ಅವನ್ನು ಒಂದೊಂದಾಗಿ ಹೊಸ ವ್ಯವಸ್ಥೆಗೆ ಏರಿಸಬೇಕೆಂದು ಕಳೆದ ವರ್ಷ ಹೇಳಿದಾಗ ಅವಳಿಗೆ ನಿಜಕ್ಕೂ ಸಂತೋಷವಾಗಿತ್ತು. ಕೊನೆಗೂ ಯಾರೋ ಓದುತ್ತಾರೆ. ನಾನ್ನೂರ ಹನ್ನೆರಡು ಚೀಟಿ ಇದ್ದವು. ಪ್ರತಿಯೊಂದರ ಚಿತ್ರ ತೆಗೆದು ಏರಿಸಿದರೆ ಕೆಳಗೊಂದು ಖಾನೆ ತೆರೆಯುತ್ತಿತ್ತು, ‘ಹೆಸರು’, ಪಕ್ಕದಲ್ಲಿ ಕೆಂಪು ನಕ್ಷತ್ರ. ತುಂಬದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಮುಟ್ಟಿದರೆ ಕಾರ್ಖಾನೆಯ ಎಲ್ಲರ ಹೆಸರೂ ಉದ್ದಕ್ಕೆ ಇಳಿಯುತ್ತಿದ್ದವು. ಅವಳು ಒಂದು ಕ್ಷಣ ತಡೆದಿದ್ದಳು. ಹೌದು, ಒಂದೇ ಕ್ಷಣ. ಆಮೇಲೆ ಮೊದಲ ಚೀಟಿಯ ಬರಹ ನೋಡಿದಳು, ಬಲಕ್ಕೆ ವಾಲಿದ, ಅವಸರದ, ಕೊನೆಯಲ್ಲಿ ಉಸಿರು ಕಟ್ಟಿದಂತಹ ಅಕ್ಷರ. ಇದು ಯಾರದ್ದೆಂದು ತನಗೆ ಗೊತ್ತು ಎಂಬುದು ಗೊತ್ತಾಗಿ ಎದೆ ಉಬ್ಬಿತು. ಎರಡನೆಯದೂ ಗೊತ್ತಿತ್ತು. ಹತ್ತನೆಯದೂ. ಹನ್ನೊಂದು ದಿನ ಕೂತು ಎಲ್ಲಕ್ಕೂ ಹೆಸರು ಹಾಕಿದಳು. ಪ್ರತಿ ಚೀಟಿಯೂ ಆ ಹೆಸರಿನವರ ಖಾತೆಗೆ ಒಂದೊಂದು ಕೊರತೆಯಾಗಿ ಸೇರುತ್ತದೆಂದು ಆಗ ಅವಳಿಗೆ ತಿಳಿದಿರಲಿಲ್ಲ. ಸಭೆಯಲ್ಲಿ ಮುಖ್ಯಸ್ಥ, ‘ಬರೀ ಅಕ್ಷರ ನೋಡಿ ನಾನ್ನೂರ ಹನ್ನೆರಡು! ಇಂಥವರು ನಮ್ಮಲ್ಲಿದ್ದಾರೆ,’ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಎದ್ದು ನಿಂತು ನಕ್ಕಿದ್ದಳು. ಆ ನಗು ಈಗಲೂ ಮುಖದ ಮೇಲೆ ಎಲ್ಲೋ ಒಣಗಿ ಅಂಟಿಕೊಂಡಿದೆ ಎನ್ನಿಸಿ ಬಚ್ಚಲಿಗೆ ಹೋಗಿ ಮುಖ ತೊಳೆದಳು.

ಮುಖ್ಯಸ್ಥ ಒಳ್ಳೆಯವನು. ಅದೇ ತೊಂದರೆ. ಮೂವತ್ತೈದರ ಆಸುಪಾಸು, ಮಾತು ಮೆದು, ಅವಳು ಒಳಗೆ ಬಂದರೆ ಕುರ್ಚಿ ಎಳೆದು ಕೊಡುತ್ತಾನೆ. “ಸರ್, ಈ ಚೀಟಿಗಳು ಪಾಠಕ್ಕೆ ಅಂತ ಬರೆದಿದ್ದು. ಕೆಲಸದಿಂದ ತೆಗೆಯೋಕೆ ಅಲ್ಲ,” ಎಂದಳು.

“ಅರ್ಥ ಆಗುತ್ತೆ ಮೇಡಂ. ಆದ್ರೆ ಯಾರನ್ನಾದ್ರೂ ತೆಗೀಲೇಬೇಕು ಅಂತ ಮೇಲಿಂದ ಬಂದಾಗ ಕಣ್ಣುಮುಚ್ಚಿ ತೆಗೆಯೋದಕ್ಕಿಂತ ಒಂದು ಆಧಾರ ಇದ್ರೆ ವಾಸಿ ಅಲ್ವಾ? ನಿಮ್ಮಿಂದ ಅದು ಸಿಕ್ತು.”

“ಗೊತ್ತಿಲ್ಲ ಅಂತ ಬರೆದವರೆಲ್ಲ ಹೊರಗೆ. ಒಂದು ಚೀಟೀನೂ ಬರೆಯದ ಮೇಲ್ವಿಚಾರಕರಿಗೆ ಸೊನ್ನೆ ಕೊರತೆ. ಅವರಿಗೆ ಹಳದಿ ದೀಪ ಯಾಕೆ ಹತ್ತುತ್ತೆ ಅಂತ ಇವತ್ತಿಗೂ ಗೊತ್ತಿಲ್ಲ ಸರ್.”

ಅವನು ನಕ್ಕ. “ಅದು ಬರವಣಿಗೇಲಿ ಇಲ್ವಲ್ಲ ಮೇಡಂ.”

“ಇದು ತರಬೇತಿಯವರ ಕೆಲಸ ಅಲ್ಲ.”

“ಈಗ ಇದೇ ತರಬೇತಿಯ ಕೆಲಸ,” ಎಂದ, ಅನುಕಂಪದಿಂದಲೇ. ಆ ಅನುಕಂಪಕ್ಕೆ ಅವಳಿಗೆ ಅವನ ಮೇಜಿನ ಮೇಲಿದ್ದ ಗಾಜಿನ ಲೋಟವನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಬದಲಿಗೆ, “ಹೆಸರಿನ ಖಾನೆ ತುಂಬದೆ ಮುಂದೆ ಹೋಗೋಕೆ ಬಿಡ್ತಿರಲಿಲ್ಲ, ಅದಕ್ಕೇ ಹಾಕಿದ್ದು,” ಎಂದಳು. ತನ್ನ ದನಿ ಕೆಳಗೆ ಹೋದದ್ದು ತನಗೇ ಕೇಳಿಸಿತು. ಅವನು ಹುಬ್ಬೇರಿಸಿದ. “ಇಲ್ವಲ್ಲ. ಹೆಸರುಗಳ ಕೊನೇಲಿ ‘ಅನಾಮಿಕ’ ಅಂತ ಇದೆ. ಮೊದಲಿಂದಲೂ ಇತ್ತು.” ಪರದೆಯನ್ನು ಅವಳ ಕಡೆ ತಿರುಗಿಸಿ ಹೆಸರುಗಳನ್ನು ಸರಸರ ಮೇಲೆ ಸರಿಸಿದ. ಇನ್ನೂರು ಹೆಸರುಗಳ ಕೆಳಗೆ, ಎಲ್ಲಕ್ಕಿಂತ ತಳದಲ್ಲಿ, ಅದು ಇತ್ತು. ಹನ್ನೊಂದು ದಿನದಲ್ಲಿ ಒಂದು ಸಲವೂ ಅವಳು ಅಷ್ಟು ಕೆಳಗೆ ಹೋಗಿರಲಿಲ್ಲ. ಹೋಗಬೇಕಾಗಿರಲಿಲ್ಲ, ಅವಳಿಗೆ ಎಲ್ಲರೂ ಗೊತ್ತಿದ್ದರಲ್ಲ. “ಐದರವರೆಗೆ ತಿದ್ದಬಹುದು. ನಮೂದಿಸಿದವರು ನೀವೇ ಆದ್ದರಿಂದ ನಿಮಗೆ ಮಾತ್ರ. ಆದ್ರೆ ಮೇಡಂ,” ದನಿ ತಗ್ಗಿಸಿದ, “ಪ್ರತಿ ತಪ್ಪು ನಮೂದೂ ನಿಮ್ಮ ಖಾತೆಗೆ ಕೊರತೆಯಾಗಿ ಸೇರುತ್ತೆ. ನಿಮಗೆ ರಿಟೈರ್ ಆಗೋಕೆ ಇನ್ನು ನಾಲ್ಕೇ ವರ್ಷ. ಯೋಚನೆ ಮಾಡಿ.”

ಊಟದ ಹೊತ್ತಿಗೆ ಅವಳು ಕೆಳಗಿಳಿದಳು. ಯಾಕೆ ಇಳಿಯುತ್ತಿದ್ದೇನೆಂದು ಮೆಟ್ಟಿಲ ಮೇಲೆ ಒಂದು ಸಲ ಕೇಳಿಕೊಂಡಳು. ಕ್ಷಮೆ ಕೇಳಲು ಎಂದರೆ ಅದರಲ್ಲಿ ಸುಳ್ಳಿತ್ತು. ಕ್ಷಮಿಸಿಬಿಟ್ಟರೆ ಚೌಕ ಒತ್ತುವುದು ಸುಲಭವಾಗುತ್ತದೆ ಎಂಬ ಆಸೆ ಅದರೊಳಗೆ ಇಲಿಯ ಹಾಗೆ ಓಡಾಡುತ್ತಿತ್ತು. ಊಟದ ಕೋಣೆಯಲ್ಲಿ ಇಪ್ಪತ್ತು ಮೂವತ್ತು ಜನ, ತೆರೆದ ಡಬ್ಬಿಗಳು, ಒದ್ದೆ ತೋಳುಗಳು. “ಏನ್ ಟೀಚರಮ್ಮ, ದಾರಿ ತಪ್ಪಿತಾ?” ಎಂದ ಮೂಟೆಯಣ್ಣ, ಲಾರಿಯಿಂದ ಮೂಟೆ ಇಳಿಸುವವನು. “ನೀವು ಈಗ ನಮ್ಮ ಫೋನೊಳಗೇ ಇರ್ತೀರ ಅಂದ್ಕೊಂಡಿದ್ವಿ.” ನಗು ಎದ್ದಿತು. “ಮೊನ್ನೆ ನಿಮ್ಮ ಪಾಠ ನೋಡ್ತಾ ನೋಡ್ತಾ ನಿದ್ದೆ ಬಂತು. ಎದ್ದು ನೋಡ್ತೀನಿ, ಪಾಸಾಗಿದ್ದೀನಿ! ಆ ಬೊಂಬೆ ಚಪ್ಪಾಳೆ ತಟ್ತಾ ಇದೆ.” ಅವಳೂ ನಗಲು ಹೋದಳು, ಆಗಲಿಲ್ಲ. ನಿಂತುಕೊಂಡೇ ಹೇಳಿದಳು. ಪಟ್ಟಿ ಬಂದಿದೆ. ಹತ್ತೊಂಬತ್ತು ಹೆಸರು. ಡಬ್ಬಿಯ ಚೀಟಿಗಳಿಂದ ಮಾಡಿದ್ದು.

“ಚೀಟಿಗೆ ಹೆಸರೇ ಇರಲಿಲ್ವಲ್ಲ,” ಎಂದಳು ವಿಂಗಡಣೆಯಲ್ಲಿ ನಿಲ್ಲುವ ದಪ್ಪ ಹೆಂಗಸು.

“ನಾನು ಹಾಕಿದೆ.”

“ನಿಮಗೆ ಹೇಗೆ ಗೊತ್ತಾಯ್ತು?”

“ಬರಹ ನೋಡಿ.”

ಯಾರೋ ಊಟದ ಡಬ್ಬಿಯ ಮುಚ್ಚಳ ಹಾಕಿದ ಸದ್ದು. ರೋಲರಿನ ಮುಂದೆ ನಿಲ್ಲುವವನು, ಎಲ್ಲರೂ ಗಡಿಯಾರ ಎಂದು ಕರೆಯುವವನು, ತಲೆ ಎತ್ತಲಿಲ್ಲ. ತುತ್ತನ್ನು ತಟ್ಟೆಯಲ್ಲೇ ಉರುಳಿಸುತ್ತಿದ್ದ. ಆಗ ದಪ್ಪ ಹೆಂಗಸು, ಇನ್ನೂ ಸಿಟ್ಟು ಬರುವುದರೊಳಗೆ, ತಡೆಯಲಾರದೆ ಕೇಳಿಬಿಟ್ಟಳು: “ನಂದೂ ಗೊತ್ತಾಗುತ್ತಾ?” “ಗೊತ್ತಾಗುತ್ತೆ. ನೀವು ಸಾಲಿನ ಕೊನೆಗೆ ಎರಡೆರಡು ಚುಕ್ಕಿ ಇಡ್ತೀರಿ. ಒಂದು ಸಾಲದು ಅನ್ನೋ ಹಾಗೆ.” ಹೆಂಗಸಿನ ಮುಖ ಒಂದು ಗಳಿಗೆ ಅರಳಿತು. ಇಷ್ಟು ವರ್ಷ ಯಾರೋ ತನ್ನ ಚುಕ್ಕಿಗಳನ್ನು ನೋಡಿದ್ದಾರೆ. ಆಮೇಲೆ ಅದೇ ಮುಖ ಮೆಲ್ಲಗೆ ಮುಚ್ಚಿಕೊಂಡದ್ದನ್ನು ನೋಡುತ್ತ ನಿಲ್ಲುವುದಕ್ಕಿಂತ ಕಷ್ಟದ್ದನ್ನು ಟೀಚರಮ್ಮ ತನ್ನ ಬದುಕಿನಲ್ಲಿ ಮಾಡಿರಲಿಲ್ಲ.

“ಮೊದಲನೇ ಹೆಸರು ಯಾರದ್ದು?” ಎಂದ ಮೂಟೆಯಣ್ಣ.

ಅವಳು ಮಡಿಕೆಯಕ್ಕನ ಕಡೆ ನೋಡಿದಳು. “ಅರವತ್ತೊಂದು ಚೀಟಿ, ಅಕ್ಕ. ನೀವು ಎಲ್ಲದರ ಬಗ್ಗೆನೂ ಕೇಳಿದ್ದೀರಿ. ಬಾಯ್ಲರು, ರೋಲರು, ಲಾರಿ, ಸೋಂಕಿನ ಮೂಟೆ...” ಹೇಳುತ್ತಿದ್ದಂತೆಯೇ ಅವಳ ಮಾತು ನಿಧಾನವಾಯಿತು. ಮಡಿಕೆ ಮೇಜು ಬಿಟ್ಟು ಕದಲದ ಹೆಂಗಸಿಗೆ ಬಾಯ್ಲರು ಯಾಕೆ? ಆಕೆ ಎಂದಾದರೂ ಲಾರಿಯ ಹತ್ತಿರ ಹೋಗಿದ್ದುಂಟೇ? ಇದನ್ನು ಹದಿನೇಳು ವರ್ಷ ಅವಳು ಕುತೂಹಲ ಎಂದುಕೊಂಡಿದ್ದಳು. ತನ್ನ ಪಾಠಕ್ಕೆ ಸಿಕ್ಕ ಫಲ ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದಳು. ಮೂಟೆಯಣ್ಣ ಎದ್ದು ನಿಂತಿದ್ದ. ಅವನ ಕಿವಿಗಳು ಕೆಂಪಾಗಿದ್ದವು. “ಟೀಚರಮ್ಮ, ಅದರಲ್ಲಿ ಸುಮಾರು...” “ಕೂತ್ಕೋ,” ಎಂದಳು ಮಡಿಕೆಯಕ್ಕ. ಅವನು ಕೂತ.

ಮಡಿಕೆಯಕ್ಕ ಕೈ ಒರೆಸಿಕೊಂಡಳು. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಬಟ್ಟೆಯ ಸುಕ್ಕು ತೀಡುವಾಗಿನ ದನಿಯಂಥದ್ದು. “ಅಕ್ಷರ ನಂದು. ಪ್ರಶ್ನೆ ನಂದಲ್ಲ. ಇಲ್ಲಿ ಎಲ್ಲರಿಗೂ ಬರೆಯೋಕೆ ಬರುತ್ತೆ ಅಂದ್ಕೊಂಡಿದ್ರಾ ನೀವು?”

ಅಂದುಕೊಂಡಿದ್ದಳು. ಹಾಜರಿ ಪುಸ್ತಕದಲ್ಲಿ ಎಲ್ಲರೂ ಸಹಿ ಹಾಕುತ್ತಿದ್ದರಲ್ಲ. ಈಗ ಆ ಸಹಿಗಳು ಕಣ್ಣ ಮುಂದೆ ಬಂದವು. ಕೆಲವರು ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ನಾಲಿಗೆ ಹೊರಗೆ ಚಾಚಿ, ಹೂವೋ ಬಳ್ಳಿಯೋ ಬಿಡಿಸುವ ಹಾಗೆ ಬಿಡಿಸುತ್ತಿದ್ದರು. ನಿಧಾನ ಎಂದು ಅವಳು ಒಮ್ಮೊಮ್ಮೆ ಗೊಣಗಿದ್ದಳು ಕೂಡ. ಬರಹವನ್ನು ಅಷ್ಟು ಚೆನ್ನಾಗಿ ಓದಬಲ್ಲವಳು ಬರೆಯಲಾರದವರನ್ನು ಒಂದು ದಿನವೂ ಓದಿರಲಿಲ್ಲ. ಟೀ ವಿರಾಮದಲ್ಲಿ ಮಡಿಕೆ ಮೇಜಿನ ಸುತ್ತ ನಿಂತಿರುತ್ತಿದ್ದ ಜನ, ಅವಳು ಬಂದರೆ ಚದುರುತ್ತಿದ್ದ ಜನ, ಹರಟೆ ಹೊಡೆಯುತ್ತಿರಲಿಲ್ಲ ಹಾಗಾದರೆ.

“ಯಾರ್ಯಾರದ್ದು ಅಂತ ಹೇಳಿ ಅಕ್ಕ,” ಎಂದಳು ಅವಸರದಿಂದ. “ಈಗಲೇ ಹೋಗಿ ತಿದ್ದುತೀನಿ. ನಿಮ್ಮ ಹೆಸರು ಕೆಳಗಿಳಿಯುತ್ತೆ.”

“ಇಳಿದು? ನಾನು ಇಳಿದ ಜಾಗಕ್ಕೆ ಯಾರನ್ನ ಹತ್ತಿಸ್ತೀರಿ?”

“ಹಾಗಲ್ಲ...”

“ಹಾಗೇ. ಡಬ್ಬಿ ಮೇಲೆ ಏನು ಬರೆದಿದ್ರಿ ನೀವು? ಯಾರೂ ಕೇಳಲ್ಲ ಅಂತ. ಬರೆಯೋಕೆ ಬಾರದವರಿಗೆಲ್ಲ ಅದನ್ನ ಓದಿ ಹೇಳಿದ್ದು ನಾನು. ನನ್ನ ಗಂಡನಿಗೆ ಕೂಡ ಇದು ಯಾರದ್ದು ಅದು ಯಾರದ್ದು ಅಂತ ಹೇಳಿಲ್ಲ. ನಿಮಗೆ ಹೇಳ್ತೀನಾ?” ಆಕೆ ತನ್ನ ಊಟದ ಡಬ್ಬಿಗೆ ಮುಚ್ಚಳ ಹಾಕಿ ಬಟ್ಟೆಯಲ್ಲಿ ಕಟ್ಟಿದಳು, ಗಂಟಿನ ಎರಡು ಕಿವಿಗಳೂ ಸಮ. “ಹೋಗಿ ಟೀಚರಮ್ಮ. ಊಟದ ಹೊತ್ತು ಮುಗೀತು. ರೋಲರ್ ಕಾದಿರುತ್ತೆ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಹೊತ್ತುಕೊಂಡು ಹೋಗಲು ಏನಾದರೂ ಸಿಗುತ್ತಿತ್ತು. ಜನ ಅವಳ ಪಕ್ಕದಿಂದಲೇ, ಕಂಬದ ಪಕ್ಕ ಹಾದುಹೋಗುವ ಹಾಗೆ ಹೋದರು. ಮೂಟೆಯಣ್ಣ ಮಾತ್ರ ಬಾಗಿಲಲ್ಲಿ ನಿಂತು, “ಅಕ್ಕನ್ನ ಕಳಿಸಿಬಿಟ್ರೆ ನಾಳೆ ಇಲ್ಲಿ ಯಾರಿಗೂ ಏನೂ ಕೇಳೋಕಾಗಲ್ಲ, ಗೊತ್ತಾ?” ಎಂದು, ಉತ್ತರಕ್ಕೆ ಕಾಯದೆ ಹೊರಟ. ಅವಳು ಖಾಲಿ ಬೆಂಚಿನ ಮೇಲೆ ಕೂತಳು. ಇಷ್ಟು ದಿನ ತನ್ನನ್ನು ಕಾಡಿದ್ದು ಒಂದು ದೊಡ್ಡ ದ್ರೋಹ ಎಂದುಕೊಂಡಿದ್ದಳು, ಅದರಲ್ಲೂ ಒಂದು ಗತ್ತಿತ್ತು. ಈಗ ಅದು ಬರೀ ತಿಳಿಗೇಡಿತನವಾಗಿತ್ತು. ತಿಳಿಗೇಡಿತನಕ್ಕೆ ಗತ್ತಿಲ್ಲ. ಅದಕ್ಕೆ ಇರುವುದು ಕೆಲಸ ಮಾತ್ರ, ತಿದ್ದುವ ಕೆಲಸ.

ಎರಡೂಕಾಲಿಗೆ ತನ್ನ ಮೇಜಿಗೆ ಬಂದಳು. ಒಟ್ಟಿಗೆ ಎಲ್ಲವನ್ನೂ ಅಳಿಸಲು ದಾರಿ ಇರಲಿಲ್ಲ. ಒಂದೊಂದೇ ಚೀಟಿ ತೆರೆಯಬೇಕು, ಹೆಸರಿನ ಖಾನೆ ಮುಟ್ಟಬೇಕು, ಇನ್ನೂರು ಹೆಸರು ದಾಟಿ ತಳಕ್ಕೆ ಹೋಗಬೇಕು, ‘ಅನಾಮಿಕ’ ಆರಿಸಬೇಕು, ತಿದ್ದುಪಡಿಗೆ ಕಾರಣ ಬರೆಯಬೇಕು. ಮೊದಲ ಸಲ ಕಾರಣದ ಖಾನೆಯ ಮುಂದೆ ಬಹಳ ಹೊತ್ತು ಕೂತಳು. ಜನರ ನಂಬಿಕೆ, ಕೊಟ್ಟ ಮಾತು, ಅನ್ಯಾಯ ಎಂದೆಲ್ಲ ಉದ್ದಕ್ಕೆ ಬರೆದು ಅಳಿಸಿದಳು. ಅದನ್ನೆಲ್ಲ ಬರೆದರೆ ಅವರು ಸಭೆ ಕರೆಯುತ್ತಾರೆ, ಸಭೆಯಲ್ಲಿ ಕುರ್ಚಿ ಎಳೆದು ಕೊಡುತ್ತಾರೆ, ಐದು ಗಂಟೆ ದಾಟುತ್ತದೆ. ಕೊನೆಗೆ ಬರೆದದ್ದು ಒಂದೇ ಸಾಲು: ‘ಬರಹ ಗುರುತಿಸಲು ನನಗೆ ಬರುವುದಿಲ್ಲ.’ ಅದನ್ನು ನಕಲು ಮಾಡಿಟ್ಟುಕೊಂಡು ಪ್ರತಿಯೊಂದಕ್ಕೂ ಅಂಟಿಸುತ್ತ ಹೋದಳು. ಮೊದಲು ಮಡಿಕೆಯಕ್ಕನವು, ಆಮೇಲೆ ಉಳಿದವು. ನೂರಾದ ಮೇಲೆ ತೋರುಬೆರಳಿನ ತುದಿ ಮರಗಟ್ಟಿತು, ನಡುಬೆರಳಿನಲ್ಲಿ ಮುಂದುವರಿಸಿದಳು. ಕೆಳಗಿನಿಂದ ಯಂತ್ರಗಳ ಗುಂಯ್ ಎನ್ನುವ ಸದ್ದು ನೆಲದ ಮೂಲಕ ಅಂಗಾಲಿಗೆ ಬರುತ್ತಿತ್ತು.

ನಾಲ್ಕೂವರೆಗೆ ಮುಖ್ಯಸ್ಥ ಬಂದು ಹಿಂದೆ ನಿಂತ. ಅವನ ಪರದೆಯಲ್ಲಿ ಪಟ್ಟಿ ಕರಗುತ್ತಿದ್ದದ್ದು ಕಂಡಿರಬೇಕು. “ಎಲ್ಲದಕ್ಕೂ ಅದೇ ಕಾರಣನಾ ಮೇಡಂ?” ಎಂದ.

“ಹೂಂ.”

“ನಾನ್ನೂರ ಹನ್ನೆರಡೂ ತಪ್ಪಾ?”

“ಅರವತ್ತೊಂದು ತಪ್ಪು ಅಂತ ಇವತ್ತು ಗೊತ್ತಾಯ್ತು. ಉಳಿದದ್ದು ಸರಿ ಅಂತ ಯಾರು ಹೇಳಬೇಕು?”

“ಅವರು ಬೇರೆ ಆಧಾರ ಹುಡುಕ್ತಾರೆ. ಹತ್ತೊಂಬತ್ತು ಜನ ಹೋಗೋದು ನಿಲ್ಲಲ್ಲ. ನೀವು ಇಪ್ಪತ್ತನೆಯವರಾಗ್ತೀರಿ, ಅಷ್ಟೇ.”

“ಹುಡುಕಲಿ. ನನ್ನ ಡಬ್ಬಿಯಲ್ಲಿ ಹುಡುಕೋದು ಬೇಡ.”

ಅವನು ಹೋಗುತ್ತಾನೆಂದುಕೊಂಡಳು. ಹೋಗಲಿಲ್ಲ. ಅವಳು ಮುಂದಿನ ಚೀಟಿ ತೆರೆದಾಗ ಬಗ್ಗಿ ನೋಡಿದ. ಹಿಂದೆ ಎಂದೂ ಅವನು ಒಂದು ಚೀಟಿಯನ್ನೂ ಓದಿರಲಿಲ್ಲ, ಅಂಕಿಗಳನ್ನಷ್ಟೇ ನೋಡಿದ್ದ. ಕಾಗದ ಹರಿಯುವಷ್ಟು ಒತ್ತಿ ಬರೆದ ಅಕ್ಷರ. ಅವನು ಮೆಲ್ಲಗೆ, ಪದ ಪದ ಬಿಡಿಸಿ ಓದಿದ: “ಸಾಹೇಬರು ಬೈದರೆ ಕೈ ನಡುಗುತ್ತದೆ. ನಡುಗುವ ಕೈಯಲ್ಲಿ ರೋಲರಿಗೆ ಬಟ್ಟೆ ಕೊಡುವುದು ಹೇಗೆ.” ಓದಿ ಮುಗಿಸಿ ಕಣ್ಣು ಕೆಳಗೆ ಹೊರಳಿಸಿದ. ಹೆಸರಿನ ಖಾನೆಯಲ್ಲಿ ಅವಳು ಹಾಕಿದ್ದ ಹೆಸರು ಇನ್ನೂ ಇತ್ತು. ಅವಳು ಅದನ್ನು ಅಂಗೈಯಿಂದ ಮುಚ್ಚಿದಳು.

“ಇದು ಯಾರದ್ದು ಮೇಡಂ?” ಎಂದ. ಈ ಸಲ ದನಿಯಲ್ಲಿ ಮುಖ್ಯಸ್ಥನಿರಲಿಲ್ಲ. ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದ. ತಿಳಿದರೆ ಕೆಳಗಿಳಿದು ಹೋಗಿ ಮಾತಾಡಿಸಿಯೇಬಿಡುವವನ ಹಾಗೆ.

ಗಡಿಯಾರನದು. ಅವನ ಅಕ್ಷರವನ್ನು ಅವಳು ಕಾಗದದ ಹಿಂಬದಿಯಿಂದ, ಉಬ್ಬು ಮುಟ್ಟಿಯೇ ಹೇಳಬಲ್ಲಳು. ಮಧ್ಯಾಹ್ನ ತಟ್ಟೆಯಲ್ಲಿ ತುತ್ತು ಉರುಳಿಸುತ್ತಿದ್ದ ಕೈ. ಹೇಳಿಬಿಡು, ಇವನು ಒಳ್ಳೆಯವನು, ಏನಾದರೂ ಮಾಡಿಯಾನು ಎಂದು ಅವಳೊಳಗೆ ಸಭೆಯಲ್ಲಿ ಎದ್ದು ನಿಂತು ನಕ್ಕಿದ್ದವಳು ಮೆತ್ತಗೆ ಹೇಳಿದಳು.

“ಗೊತ್ತಿಲ್ಲ ಸರ್. ನನಗೆ ಬರಹ ಗುರುತು ಹಿಡಿಯೋಕೆ ಬರಲ್ಲ,” ಎಂದಳು. ಅಂಗೈ ತೆಗೆಯದೆಯೇ ಇನ್ನೊಂದು ಕೈಯಿಂದ ಹೆಸರುಗಳನ್ನು ಒಂದೊಂದಾಗಿ ಮೇಲೆ ಸರಿಸುತ್ತ ತಳಕ್ಕೆ ಹೊರಟಳು.